ಜೈಸಲ್ಮೇರ್: ಮರುಭೂಮಿಯ ಗಡಿಪಟ್ಟಣವೊಂದನ್ನು ಓದುವ ಬಗೆ

ರಾಜಸ್ಥಾನದ ಪಶ್ಚಿಮದ ಅಂಚಿನಲ್ಲಿರುವ ಜೈಸಲ್ಮೇರ್ ಜಿಲ್ಲೆಯ ವಿಸ್ತಾರ 38,401 ಚದರ ಕಿ.ಮೀ. ಎಂದರೆ ಹೆಚ್ಚುಕಡಿಮೆ ಕೇರಳ ರಾಜ್ಯದಷ್ಟು. ಆದರೆ 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಾಂದ್ರತೆ ಚದರ ಕಿ.ಮೀ.ಗೆ ಕೇವಲ 17. ಥಾರ್ ಮರುಭೂಮಿಯ ನಡುವೆ, ಪಾಕಿಸ್ತಾನದ ಗಡಿಗೆ ಹೊಂದಿಕೊಂಡಿರುವ ಈ ಪ್ರದೇಶವನ್ನು ನಕಾಶೆಯಲ್ಲಿ ನೋಡುವವರಿಗೆ ಇದೊಂದು ಕೊನೆಯ ಊರು; ಇದರಾಚೆಗೆ ಏನೂ ಇಲ್ಲವೆಂಬ ಭಾವನೆ ಸಹಜವಾಗಿ ಮೂಡುತ್ತದೆ. ಚರಿತ್ರೆಯ ದೃಷ್ಟಿಯಿಂದ ಈ ಭಾವನೆ ತೀರ ಇತ್ತೀಚಿನದು. 1947ಕ್ಕೆ ಮುಂಚೆ ಜೈಸಲ್ಮೇರ್ ಕೊನೆಯ ಊರಾಗಿರಲಿಲ್ಲ, ನಡುವಿನ ಊರಾಗಿತ್ತು. ಗುಜರಾತ್, ಮಾರವಾಡಗಳಿಂದ ಸಿಂಧ್‌ಗೂ ಅಲ್ಲಿಂದ ಮುಂದಕ್ಕೂ ಸಾಗುತ್ತಿದ್ದ ಒಂಟೆಗಳ ಸಾಲು ತಂಗುತ್ತಿದ್ದ, ಸುಂಕ ತೆರುತ್ತಿದ್ದ ಠಾಣ್ಯ ಇದು. ಇಲ್ಲಿನ ಕೋಟೆ, ಕೇರಿ, ಹವೇಲಿ, ಬಸದಿಗಳನ್ನು ನೋಡಹೋಗುವವರು ಮೊದಲು ಮನಸ್ಸಿನಿಂದ ಅಳಿಸಬೇಕಾದದ್ದು ಗಡಿಯ ತಂತಿಬೇಲಿಯ ಚಿತ್ರವನ್ನು. ಅದನ್ನು ಅಳಿಸದೆ ಹೋದರೆ ಇಷ್ಟೊಂದು ಸಂಪತ್ತು ಈ ಮರಳಿನ ನಡುವೆ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ.

ಭಾಟಿ ವಂಶದ ರಾವಲ್ ಜೈಸಲನು 1156ರಲ್ಲಿ ಈ ಕೋಟೆಯನ್ನು ಕಟ್ಟಲಾರಂಭಿಸಿದನೆಂಬುದು ಪರಂಪರೆಯ ಲೆಕ್ಕ. ಅದಕ್ಕೆ ಮೊದಲು ರಾಜಧಾನಿ ಸುಮಾರು 16 ಕಿ.ಮೀ. ದೂರದ ಲೋದ್ರವಾದಲ್ಲಿತ್ತು. ಬಯಲಿನಲ್ಲಿದ್ದ ಆ ಊರಿಗೆ ರಕ್ಷಣೆ ಸಾಲದೆಂದು ತ್ರಿಕೂಟವೆಂಬ ಗುಡ್ಡವನ್ನು ಆರಿಸಿಕೊಳ್ಳಲಾಯಿತು. ಲೋದ್ರವಾದಲ್ಲಿ ಇಂದು ನಿಂತಿರುವುದು 17ನೆಯ ಶತಮಾನದಲ್ಲಿ ಪುನರ್ನಿರ್ಮಾಣಗೊಂಡ ಪಾರ್ಶ್ವನಾಥ ಬಸದಿ. ಅದರ ಸಮೀಪದಲ್ಲಿಯೇ ಬತ್ತಿಹೋದ ಕಾಕ್ ಹೊಳೆಯ ಪಾತ್ರವಿದ್ದು, ದಂಡೆಯ ಮೇಲಿನ ಅವಶೇಷಗಳನ್ನು ಜನ ಮೂಮಲ್ ಎಂಬ ಚೆಲುವೆಯ ಮಹಲೆಂದು ತೋರಿಸುತ್ತಾರೆ. ಮೂಮಲ್ ಮತ್ತು ಅಮರಕೋಟದ ಮಹೇಂದ್ರರ ಪ್ರೇಮಕಥೆಯನ್ನು ಮಾರವಾಡಿ ಜನಪದರು ಹಾಡುತ್ತಾರೆ. ಅದೇ ಕಥೆ ಸಿಂಧಿ ಕವಿ ಶಾಹ್ ಅಬ್ದುಲ್ ಲತೀಫರ ಸಂಕಲನದಲ್ಲಿ ಒಂದು ಪ್ರತ್ಯೇಕ ‘ಸುರ್’ ಆಗಿದೆ. ನಾಯಕಿಯ ಊರು ಭಾರತದಲ್ಲಿ, ನಾಯಕನ ಊರು ಪಾಕಿಸ್ತಾನದಲ್ಲಿ. ಒಂಟೆಯೇರಿ ರಾತ್ರೋರಾತ್ರಿ ಬಂದುಹೋಗುವ ಪ್ರೇಮಿಯ ಕಥೆ ಈಗ ಪಾಸ್‌ಪೋರ್ಟ್ ಇಲ್ಲದೆ ನಡೆಯಲಾರದು.

ಕೋಟೆಯೊಳಗೆ ಪ್ರವೇಶಿಸುವವರು ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಎಂಬ ನಾಲ್ಕು ಬಾಗಿಲುಗಳನ್ನು ದಾಟಬೇಕು. ಹಾದಿ ಏರುತ್ತ, ತಿರುಗುತ್ತ ಹೋಗುತ್ತದೆ. ಆನೆಯಾಗಲಿ ಸೈನ್ಯವಾಗಲಿ ನೇರವಾಗಿ ನುಗ್ಗದಂತೆ ಮಾಡಿದ ಏರ್ಪಾಡು ಇದು. ಚಿತ್ರದುರ್ಗದ ಕೋಟೆಯನ್ನು ಬಲ್ಲವರಿಗೆ ಹೊಸದಲ್ಲ. 99 ಕೊತ್ತಳಗಳು ಗುಡ್ಡವನ್ನು ಸುತ್ತುವರಿದಿವೆ. ಗೋಡೆ, ಮನೆ, ಗುಡಿ, ಬೀದಿಯ ಹಾಸುಗಲ್ಲು ಎಲ್ಲವೂ ಒಂದೇ ಹಳದಿ ಬಣ್ಣದ ಮರಳುಗಲ್ಲಿನವು. ಸಂಜೆಯ ಬಿಸಿಲಿಗೆ ಅದು ಹೊನ್ನಿನಂತೆ ಹೊಳೆಯುವುದರಿಂದ ‘ಸೋನಾರ್ ಕಿಲಾ’ ಎಂಬ ಹೆಸರು ಬಂದಿದೆ. ಸತ್ಯಜಿತ್ ರಾಯ್ ಅವರ 1974ರ ಚಲನಚಿತ್ರ ಅದನ್ನು ದೇಶಕ್ಕೆಲ್ಲ ಪರಿಚಯಿಸಿತು. ಚಲನಚಿತ್ರದಿಂದ ಬಂದ ಖ್ಯಾತಿ ಊರಿಗೆ ಅನ್ನವನ್ನೂ ಕೊಟ್ಟಿತು, ಅಪಾಯವನ್ನೂ ತಂದಿತು.

ಭಾರತದ ಬಹುಪಾಲು ಕೋಟೆಗಳು ಇಂದು ಪಾಳುಬಿದ್ದ ಸ್ಮಾರಕಗಳು. ಜೈಸಲ್ಮೇರಿನ ಕೋಟೆಯೊಳಗೆ ಈಗಲೂ ಕೆಲವು ಸಾವಿರ ಜನ ವಾಸಿಸುತ್ತಾರೆ. ಅವರ ಕೇರಿಗಳಿಗೆ ‘ಪಾಡಾ’ ಎಂದು ಹೆಸರು: ವ್ಯಾಸ ಪಾಡಾ, ಕುಂಡ ಪಾಡಾ, ಹೀಗೆ. ‘ಪಾಡಾ’ ಎಂಬುದು ಬರಿಯ ಬೀದಿಯಲ್ಲ. ಒಂದು ಕುಲದ ಮನೆಗಳು, ಅವರ ದೇವರು, ಅವರು ಕೂರುವ ಜಗಲಿ ಎಲ್ಲವೂ ಸೇರಿದ ಒಂದು ಘಟಕ. ಕನ್ನಡದ ‘ಕೇರಿ’ ಎಂಬ ಮಾತಿನ ಅರ್ಥವ್ಯಾಪ್ತಿ ಇದಕ್ಕೆ ಹತ್ತಿರದ್ದು. ಮುಖ್ಯವಾಗಿ ಬ್ರಾಹ್ಮಣ ಹಾಗೂ ರಜಪೂತ ಕುಟುಂಬಗಳು ಮೇಲೆ ಉಳಿದುಕೊಂಡವು. ಜೈನ ವರ್ತಕರು ವ್ಯಾಪಾರ ಬೆಳೆದಂತೆ ಕೆಳಗಿನ ಪಟ್ಟಣಕ್ಕೆ ಇಳಿದು ಅಲ್ಲಿ ಹವೇಲಿಗಳನ್ನು ಕಟ್ಟಿಸಿದರು. ಆದರೆ ಅವರ ಬಸದಿಗಳು ಕೋಟೆಯಲ್ಲಿಯೇ ಉಳಿದವು. ಧನ ಕೆಳಗೆ, ದೇವರು ಮತ್ತು ಗ್ರಂಥ ಮೇಲೆ ಎಂಬ ಈ ವಿಭಜನೆಯನ್ನು ಗಮನಿಸದೆ ಊರಿನ ರಚನೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಹಳೆಯ ಕೇರಿಗಳಲ್ಲಿ ನಡೆಯುವಾಗ ಮನೆಗಳ ಗೋಡೆಗಳನ್ನು ಗಮನಿಸಬೇಕು. ಮನೆಯಲ್ಲಿ ಮದುವೆಯಾದಾಗ ಬಾಗಿಲ ಪಕ್ಕದ ಗೋಡೆಯ ಮೇಲೆ ಗಣೇಶನ ಚಿತ್ರವನ್ನು ಬಿಡಿಸಿ, ಅದರ ಕೆಳಗೆ ವಧೂವರರ ಹೆಸರು, ಮದುವೆಯ ದಿನಾಂಕಗಳನ್ನು ಬಣ್ಣದಲ್ಲಿ ಬರೆಯಿಸುವ ರೂಢಿ ಇಲ್ಲಿದೆ. ಲಗ್ನಪತ್ರಿಕೆಯೇ ಗೋಡೆಯಾಗಿರುವ ಬಗೆ ಇದು. ಹಳೆಯ ಬರಹವನ್ನು ಅಳಿಸುವ ಅವಸರ ಯಾರಿಗೂ ಇಲ್ಲದಿರುವುದರಿಂದ ಒಂದು ಬೀದಿಯ ಉದ್ದಕ್ಕೂ ಹಲವು ವರ್ಷಗಳ ಮದುವೆಗಳ ದಾಖಲೆ ಓದಲು ಸಿಗುತ್ತದೆ. ಶಾಸನಾಭ್ಯಾಸಿಗಳು ಇದನ್ನು ಕ್ಷುಲ್ಲಕವೆಂದು ಎಣಿಸಬೇಕಾಗಿಲ್ಲ. ಬರಹವನ್ನು ಸಾರ್ವಜನಿಕವಾಗಿ ಕಲ್ಲಿನ ಮೇಲಿಡುವ ಮನೋಧರ್ಮ ಹಾಗೂ ಅದರ ಸಾಮಾಜಿಕ ಉದ್ದೇಶ ಎರಡೂ ಇಲ್ಲಿ ಜೀವಂತವಾಗಿ ಕಾಣುತ್ತವೆ.

ಹವೇಲಿಗಳ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ಪ್ರವಾಸಿ ಕೈಪಿಡಿಗಳು ಅವುಗಳಿಂದಲೇ ತುಂಬಿವೆ. ಗುಮಾನ್ ಚಂದ್ ಪಟವಾ ತನ್ನ ಐವರು ಮಕ್ಕಳಿಗಾಗಿ 19ನೆಯ ಶತಮಾನದ ಆರಂಭದಲ್ಲಿ ಕಟ್ಟಿಸತೊಡಗಿದ ಐದು ಮನೆಗಳ ಸಮೂಹ, ದಿವಾನ್ ಸಾಲಿಮ್ ಸಿಂಗನ ಹವೇಲಿ, 1885ರ ನಥಮಲ್ ಹವೇಲಿ ಇವು ಪ್ರಸಿದ್ಧವಾದವು. ಕೊನೆಯದನ್ನು ಹಾಥಿ, ಲಾಲೂ ಎಂಬ ಇಬ್ಬರು ಶಿಲ್ಪಿ ಸೋದರರು ಎಡಬಲ ಹಂಚಿಕೊಂಡು ಕಟ್ಟಿದರಂತೆ. ದೂರದಿಂದ ಎರಡು ಪಾರ್ಶ್ವಗಳೂ ಒಂದೇ ಎನ್ನಿಸಿದರೂ ಹತ್ತಿರದಿಂದ ಕೆತ್ತನೆಯ ವಿವರಗಳು ಬೇರೆಬೇರೆ. ಕಲ್ಲಿಗೆ ಕಲ್ಲನ್ನು ಕಚ್ಚಿಸಿ ಜೋಡಿಸುವ, ಗಾರೆಯನ್ನು ಹೆಚ್ಚು ಅವಲಂಬಿಸದ ಈ ಕೆಲಸವನ್ನು ಮಾಡಿದವರು ಸಿಲಾವಟರೆಂಬ ಮುಸ್ಲಿಂ ಕಲ್ಲುಕುಟಿಗರು. ಇವರಲ್ಲಿ ಹಲವರು ಕರಾಚಿ ಬೆಳೆಯುತ್ತಿದ್ದ ಕಾಲಕ್ಕೆ ಕೆಲಸವನ್ನರಸಿ ಅಲ್ಲಿಗೆ ಹೋದರು. ಜೈಸಲ್ಮೇರಿನ ಜೈನ ವರ್ತಕನ ಜರೋಖಾ ಹಾಗೂ ಕರಾಚಿಯ ವಸಾಹತುಕಾಲದ ಕಟ್ಟಡ ಒಂದೇ ಕುಶಲಪರಂಪರೆಗೆ ಸೇರಿದವು ಎಂಬುದು ಗಮನಾರ್ಹ. ಜರೋಖಾಗಳು ಅಲಂಕಾರಕ್ಕಷ್ಟೇ ಅಲ್ಲ. ಮುಂಚಾಚಿದ ಅವು ಬೀದಿಗೆ ನೆರಳನ್ನು ಕೊಡುತ್ತವೆ, ಜಾಲಂಧ್ರದ ಸಣ್ಣ ರಂಧ್ರಗಳ ಮೂಲಕ ಗಾಳಿಯನ್ನು ಒಳಗೆ ಬಿಟ್ಟುಕೊಂಡು ಬಿಸಿಲನ್ನು ಹೊರಗೇ ತಡೆಯುತ್ತವೆ.

ಇನ್ನು ನೀರಿನ ವಿಷಯ. ಈ ಊರನ್ನು ನೀರಿನಿಂದಲೇ ಓದಬೇಕೆಂದರೆ ತಪ್ಪಾಗದು. ವರ್ಷಕ್ಕೆ ಸರಾಸರಿ 20 ಸೆಂ.ಮೀ.ಗೂ ಕಡಿಮೆ ಮಳೆ ಬೀಳುವ ನಾಡಿನಲ್ಲಿ ಏಳೆಂಟು ನೂರು ವರ್ಷ ರಾಜಧಾನಿಯೊಂದು ಬದುಕಿದ್ದು ಗಡೀಸರ್ ಎಂಬ ಕೆರೆಯಿಂದ. 14ನೆಯ ಶತಮಾನದ ರಾವಲ್ ಘಡಸಿಯ ಹೆಸರನ್ನು ಹೊತ್ತ ಈ ಕೆರೆಗೆ ವಿಶಾಲವಾದ ಜಲಾನಯನವನ್ನು ಕಾಯ್ದಿರಿಸಲಾಗಿತ್ತು. ಕೋಡಿ ಬಿದ್ದ ನೀರು ವ್ಯರ್ಥವಾಗದಂತೆ ಒಂದರ ಕೆಳಗೊಂದು ಕೆರೆಗಳ ಸರಣಿಯಿತ್ತು. ಕರ್ನಾಟಕದ ಬಯಲುಸೀಮೆಯ ಕೆರೆಸಾಲುಗಳ ತತ್ತ್ವವೇ ಇದು. ಅನುಪಮ್ ಮಿಶ್ರ ಅವರು 1993 ಹಾಗೂ 1995ರಲ್ಲಿ ಪ್ರಕಟಿಸಿದ ತಮ್ಮ ಎರಡು ಹಿಂದಿ ಗ್ರಂಥಗಳಲ್ಲಿ ಈ ಪರಂಪರೆಯನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಅವರು ಎತ್ತಿತೋರಿಸುವ ಮರುನಾಡಿನ ಜಲವಾಚಕ ಪದಗಳು ಭಾಷಾಭ್ಯಾಸಿಗಳಿಗೆ ಉಪಯುಕ್ತ. ನೇರವಾಗಿ ಬಿದ್ದು ಕೆರೆಕುಂಡಗಳಲ್ಲಿ ನಿಂತ ಮಳೆನೀರು ‘ಪಾಲರ್ ಪಾನಿ’. ಅಂತರ್ಜಲ ‘ಪಾತಾಲ್ ಪಾನಿ’. ಇವೆರಡರ ನಡುವೆ, ನೆಲದಡಿಯ ಜಿಪ್ಸಮ್ ಪದರ ತಡೆಹಿಡಿದ ತೇವರೂಪದ ನೀರು ‘ರೇಜಾಣಿ ಪಾನಿ’. ಉಪ್ಪಾದ ಪಾತಾಳದ ನೀರಿನೊಂದಿಗೆ ಬೆರೆಯದೆ ಉಳಿದ ಈ ಮೂರನೆಯದನ್ನು ಗುರುತಿಸಿ ಅದಕ್ಕೊಂದು ಹೆಸರಿಟ್ಟದ್ದು ಮರುನಾಡಿನ ಜನರ ದೊಡ್ಡ ಸಾಧನೆ. ನೀರು ಕಡಿಮೆಯಿರುವಲ್ಲಿ ನೀರಿನ ಪದಗಳು ಹೆಚ್ಚು ಸೂಕ್ಷ್ಮವಾಗುತ್ತವೆ.

ಗಡೀಸರ್ ಕೆರೆಯ ಬಾಗಿಲನ್ನು ತಿಲೋಂ ಎಂಬ ಗಣಿಕೆ ಕಟ್ಟಿಸಿದಳೆಂದೂ, ಅರಸ ಅದರಡಿ ಹಾದುಹೋಗಲು ಹಿಂಜರಿದಾಗ ಅವಳು ಮೇಲೊಂದು ಕೃಷ್ಣಗುಡಿಯನ್ನು ಕಟ್ಟಿಸಿ ಅದನ್ನು ಕೆಡವದಂತೆ ಮಾಡಿದಳೆಂದೂ ಐತಿಹ್ಯವಿದೆ. ಕರ್ನಾಟಕದಲ್ಲಿ ಸೂಳೆಕೆರೆ ಎಂಬ ಹೆಸರನ್ನು ಹೊತ್ತ ಕೆರೆಗಳ ಸುತ್ತಲಿನ ಕಥೆಗಳನ್ನು ಇದರೊಡನೆ ಇಟ್ಟು ನೋಡಬಹುದು. ಲೋಕಕ್ಕೆ ಬೇಕಾದ ನೀರನ್ನು ಕೊಟ್ಟವಳ ಹೆಸರನ್ನು ಅಳಿಸಲೂ ಆಗದೆ ಒಪ್ಪಲೂ ಆಗದೆ ಸಮಾಜ ಒದ್ದಾಡಿರುವುದು ಎರಡೂ ಕಡೆ ಸಮಾನ.

ಊರಿನಿಂದ ಹದಿನೆಂಟು ಕಿ.ಮೀ. ದೂರದ ಕುಲಧರಾ ಇನ್ನೊಂದು ಬಗೆಯ ಸ್ಥಳ. ಪಾಲಿವಾಲ್ ಬ್ರಾಹ್ಮಣರ ಈ ಹಳ್ಳಿ 19ನೆಯ ಶತಮಾನದಲ್ಲಿ ನಿರ್ಜನವಾಯಿತು. ಸಾಲಿಮ್ ಸಿಂಗನು ಹಳ್ಳಿಯ ಕನ್ಯೆಯೊಬ್ಬಳನ್ನು ಬಯಸಿದುದರಿಂದ 84 ಹಳ್ಳಿಗಳ ಪಾಲಿವಾಲರು ಒಂದೇ ರಾತ್ರಿ ಶಾಪವಿಟ್ಟು ಹೊರಟುಹೋದರೆಂಬ ಕಥೆಯನ್ನು ಪ್ರತಿಯೊಬ್ಬ ಮಾರ್ಗದರ್ಶಿಯೂ ಹೇಳುತ್ತಾನೆ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ದೆವ್ವದ ಊರೆಂಬ ಬಣ್ಣವೂ ಸೇರಿಕೊಂಡಿದೆ. ಸಾಲಿಮ್ ಸಿಂಗನ ಕ್ರೌರ್ಯ ಕಟ್ಟುಕಥೆಯಲ್ಲ. ಅವನ ಸಮಕಾಲೀನನಾದ ಕರ್ನಲ್ ಜೇಮ್ಸ್ ಟಾಡ್ ಅವನ ಸುಲಿಗೆಯನ್ನು ಕಟುವಾಗಿ ಖಂಡಿಸಿದ್ದಾನೆ. ಆದರೆ ಹಳ್ಳಿಗಳು ಬರಿದಾದದ್ದು ಒಂದೇ ರಾತ್ರಿಯಲ್ಲ, ಕ್ರಮೇಣ ಎಂಬ ಅಭಿಪ್ರಾಯವೇ ವಿದ್ವಾಂಸರಲ್ಲಿ ಬಲವಾಗಿದೆ. ನೀರಿನ ಕೊರತೆ, ತೆರಿಗೆಯ ಭಾರ, ಇಳಿಮುಖವಾದ ವ್ಯಾಪಾರ ಇವನ್ನು ಕಾರಣಗಳಾಗಿ ಹೇಳಲಾಗಿದೆ. 2017ರಲ್ಲಿ ಪ್ರಕಟವಾದ ಭೂವಿಜ್ಞಾನದ ಅಧ್ಯಯನವೊಂದು ಭೂಕಂಪದ ಸಾಧ್ಯತೆಯನ್ನೂ ಸೂಚಿಸಿದೆ. ಐತಿಹ್ಯವು ಹಲವು ದಶಕಗಳ ಅನ್ಯಾಯವನ್ನು ಒಂದು ರಾತ್ರಿಗೂ ಒಂದು ಹುಡುಗಿಯ ಮಾನಕ್ಕೂ ಸಂಕ್ಷೇಪಿಸಿದೆ. ತೆರಿಗೆಯ ಲೆಕ್ಕವನ್ನು ಯಾರೂ ಹಾಡುವುದಿಲ್ಲವಷ್ಟೆ. ಈ ಕಥೆಯ ಅಬ್ಬರದಲ್ಲಿ ಮರೆಯಾಗಿರುವುದು ಪಾಲಿವಾಲರ ನಿಜವಾದ ಕೊಡುಗೆಯಾದ ‘ಖಡೀನ್’. ಕಲ್ಲುಗುಡ್ಡದಿಂದ ಹರಿದುಬರುವ ಮಳೆನೀರನ್ನು ತಗ್ಗಿನಲ್ಲಿ ಮಣ್ಣಿನ ಏರಿ ಹಾಕಿ ನಿಲ್ಲಿಸಿ, ನೀರು ಇಂಗಿದ ಮೇಲೆ ಆ ತೇವದಲ್ಲಿ ಹಿಂಗಾರಿನ ಗೋಧಿ, ಕಡಲೆಗಳನ್ನು ಬೆಳೆಯುವ ಪದ್ಧತಿ ಇದು. ಕೆಲವು ಖಡೀನ್‌ಗಳಲ್ಲಿ ಈಗಲೂ ಬೇಸಾಯ ನಡೆಯುತ್ತಿದೆ. ಕುಲಧರಾಕ್ಕೆ ಹೋದವರು ಪಾಳುಮನೆಗಳ ಮುಂದೆ ಭಾವಚಿತ್ರ ತೆಗೆಸಿಕೊಂಡು ಮರಳುವ ಬದಲು ಒಂದು ಖಡೀನಿನ ಏರಿಯ ಮೇಲೆ ನಡೆದು ಬಂದರೆ ಆ ಜನರನ್ನು ಕಂಡಂತಾಗುತ್ತದೆ.

ಕುಲಧರಾದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ‘ದೇವಳಿ’ ಎಂಬ ಸ್ಮಾರಕಶಿಲೆಗಳಿವೆ. ಅರಸುಮನೆತನದ ಛತ್ರಿಗಳಿರುವ ಬಡಾಬಾಗ್‌ನಲ್ಲಿ ಕುದುರೆಯೇರಿದ ಅರಸನ ಮುಂದೆ ಅವನೊಡನೆ ಸಹಗಮನ ಮಾಡಿದ ರಾಣಿಯರನ್ನು ಸಾಲಾಗಿ ಕೆತ್ತಲಾಗಿದೆ. ವೀರಗಲ್ಲು, ಮಾಸ್ತಿಗಲ್ಲುಗಳ ಪರಿಚಯವುಳ್ಳ ಕನ್ನಡ ಸಂಶೋಧಕರಿಗೆ ಈ ಶಿಲೆಗಳ ಭಾಷೆ ಅಪರಿಚಿತವೆನ್ನಿಸದು. ಎಸ್. ಶೆಟ್ಟರ್ ಹಾಗೂ ಗುಂಥರ್ ಸೊಂಥೈಮರ್ ಸಂಪಾದಿಸಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ 1982ರಲ್ಲಿ ಪ್ರಕಟವಾದ ಸ್ಮಾರಕಶಿಲೆಗಳ ಸಂಪುಟ ಇಂತಹ ತೌಲನಿಕ ಅಧ್ಯಯನಕ್ಕೆ ದಾರಿ ತೆರೆದಿದೆ. ಈ ಭಾಗದ ಶಾಸನಗಳ ಕಾಲನಿರ್ಣಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವು ಶಾಸನಗಳಲ್ಲಿ ವಿಕ್ರಮಶಕದ ಜೊತೆಗೆ ಭಾಟಿಕ ಸಂವತ್ ಎಂಬ ಸ್ಥಳೀಯ ಶಕವೂ ಬಳಕೆಯಾಗಿದ್ದು, ಅದರ ಆರಂಭ ಕ್ರಿ.ಶ. 624ರ ಸುಮಾರಿನದು.

ಕನ್ನಡ ವಿದ್ವಾಂಸರಿಗೆ ಜೈಸಲ್ಮೇರ್ ನಿಜವಾಗಿ ಹತ್ತಿರವಾಗುವುದು ಕೋಟೆಯೊಳಗಿನ ಬಸದಿಗಳಲ್ಲಿ. ಪ್ರಧಾನವಾಗಿ 15, 16ನೆಯ ಶತಮಾನಗಳಲ್ಲಿ ನಿರ್ಮಾಣಗೊಂಡ ಈ ಶ್ವೇತಾಂಬರ ಬಸದಿಗಳು ಒಂದರೊಳಗೊಂದು ಹೊಕ್ಕಂತೆ ನಿಂತಿವೆ. ಇವುಗಳ ಶಾಸನಗಳನ್ನು ಪೂರಣಚಂದ್ ನಾಹರ್ 1929ರಲ್ಲಿ ಪ್ರಕಟಿಸಿದರು. ಸಂಭವನಾಥ ಬಸದಿಯ ನೆಲಮಾಳಿಗೆಯಲ್ಲಿ ಖರತರಗಚ್ಛದ ಜಿನಭದ್ರಸೂರಿಯ ಹೆಸರಿನ ಜ್ಞಾನಭಂಡಾರವಿದೆ. ಗುಜರಾತಿನ ಪಾಟಣ, ಖಂಭಾತ್‌ಗಳಲ್ಲಿ ಬರೆಯಲ್ಪಟ್ಟ ಎಷ್ಟೋ ತಾಳೆಗರಿ ಗ್ರಂಥಗಳು ಇಲ್ಲಿ ಬಂದು ಸೇರಿವೆ. ಶ್ರೀತಾಳೆಯ ಮರ ಮರುಭೂಮಿಯದಲ್ಲ, ತೇವಭರಿತ ದಕ್ಷಿಣದ ಕರಾವಳಿಯದು. ಗರಿ ಅಲ್ಲಿಂದ ವ್ಯಾಪಾರದ ಸರಕಾಗಿ ಪಶ್ಚಿಮ ಭಾರತವನ್ನು ಸೇರಿ, ಮಸಿಯಿಂದ ಬರೆಯಲ್ಪಟ್ಟು, ಮರುಭೂಮಿಯ ಒಣಹವೆಯಲ್ಲಿ ಉಳಿದುಕೊಂಡಿತು. ಕಂಟದಿಂದ ಕೊರೆದ ಓಲೆಗಳನ್ನೇ ಹೆಚ್ಚಾಗಿ ಕಂಡಿರುವ ಕನ್ನಡಿಗರು ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಲಾ ಪ್ರತಿಗಳನ್ನು ನೆನೆಯಬಹುದು. ಅವೂ ಮಸಿಯಲ್ಲಿ ಬರೆದವೇ.

1874ರ ಜನವರಿಯಲ್ಲಿ ಜರ್ಮನ್ ವಿದ್ವಾಂಸ ಗಿಯೋರ್ಗ್ ಬ್ಯೂಲರ್ ಈ ಊರಿಗೆ ಬಂದರು. ಆಗ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದ ಅವರು ಸರ್ಕಾರದ ಪರವಾಗಿ ಹಸ್ತಪ್ರತಿಗಳನ್ನು ಅರಸುತ್ತಿದ್ದರು. ಜೊತೆಯಲ್ಲಿದ್ದವರು ಇಪ್ಪತ್ತಮೂರು ಇಪ್ಪತ್ತನಾಲ್ಕರ ತರುಣ ಹರ್ಮನ್ ಯಾಕೋಬಿ. ಮುಂದೆ ಜೈನ ಅಧ್ಯಯನಗಳಲ್ಲಿ ಪ್ರಖ್ಯಾತರಾದವರು. ಭಂಡಾರದ ಬಾಗಿಲನ್ನು ತೆರೆಯುವ ಅಧಿಕಾರ ಜೈನ ಪಂಚರ ಕೈಯಲ್ಲಿತ್ತು. ಅಲ್ಲಿ ಅವರಿಗೆ ದೊರೆತ ತಾಳೆಗರಿ ಪ್ರತಿಯೊಂದು ಬಿಲ್ಹಣನ ‘ವಿಕ್ರಮಾಂಕದೇವಚರಿತ’ವಾಗಿತ್ತು. ಪ್ರತಿಯನ್ನು ಕೊಂಡೊಯ್ಯುವಂತಿರಲಿಲ್ಲ. ಇಬ್ಬರೂ ಕುಳಿತು ಸುಮಾರು ಏಳು ದಿನಗಳಲ್ಲಿ ಹದಿನೆಂಟು ಸರ್ಗಗಳ ಆ ಕಾವ್ಯವನ್ನು ಕೈಯಿಂದ ನಕಲುಮಾಡಿಕೊಂಡರು. ಮರುವರ್ಷವೇ, ಎಂದರೆ 1875ರಲ್ಲಿ, ಅದು ಮುಂಬಯಿ ಸಂಸ್ಕೃತ ಮಾಲೆಯಲ್ಲಿ ಅಚ್ಚಾಯಿತು. ಆ ಮುದ್ರಣಕ್ಕೆ ಆಧಾರ ಅದೊಂದೇ ಪ್ರತಿ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ‘ವಿದ್ಯಾಪತಿ’ಯಾಗಿದ್ದ ಕಾಶ್ಮೀರದ ಕವಿ ಬರೆದ ಕರ್ನಾಟಕದ ಅರಸನ ಚರಿತೆ, ಕರ್ನಾಟಕದಿಂದ ಸಾವಿರಕ್ಕೂ ಹೆಚ್ಚು ಕಿ.ಮೀ. ದೂರದ ಮರಳುನಾಡಿನಲ್ಲಿ ಶ್ವೇತಾಂಬರ ಜೈನರ ಕಾವಲಿನಲ್ಲಿ ಉಳಿದಿತ್ತು. ಶೈವನಾದ ಕವಿಯ ಕೃತಿಯನ್ನು ಜೈನರು ಏಕೆ ಕಾಪಾಡಿದರೆಂಬ ಪ್ರಶ್ನೆಗೆ ಉತ್ತರ ಸರಳ: ಭಂಡಾರದ ಯತಿಗಳು ಕಾವ್ಯ, ಅಲಂಕಾರ, ವ್ಯಾಕರಣ, ತರ್ಕಗಳನ್ನು ಮತಭೇದವಿಲ್ಲದೆ ಓದುತ್ತಿದ್ದರು. ಈ ಕಾವ್ಯ ಬೆಳಕಿಗೆ ಬಾರದಿದ್ದರೆ ವಿಕ್ರಮಾದಿತ್ಯನ ಚರಿತ್ರೆಯನ್ನು ಶಾಸನಗಳಿಂದಲೇ ಕಟ್ಟಬೇಕಾಗುತ್ತಿತ್ತು. ಆಹವಮಲ್ಲ ಸೋಮೇಶ್ವರನು 1068ರಲ್ಲಿ ತುಂಗಭದ್ರೆಯಲ್ಲಿ ದೇಹತ್ಯಾಗ ಮಾಡಿದ ಸಂಗತಿಯಲ್ಲಿ ಕಾವ್ಯವೂ ಶಾಸನವೂ ಒಂದನ್ನೊಂದು ಸಮರ್ಥಿಸುತ್ತವೆ. ಆದರೆ ಅಣ್ಣ ಭುವನೈಕಮಲ್ಲನನ್ನು ಕೆಳಗಿಳಿಸಿ 1076ರಲ್ಲಿ ವಿಕ್ರಮಾದಿತ್ಯ ಸಿಂಹಾಸನವನ್ನೇರಿದ ಪ್ರಸಂಗದಲ್ಲಿ ಕವಿ ಶಿವನ ಆಜ್ಞೆಯನ್ನೇ ತಂದು ನಾಯಕನನ್ನು ದೋಷಮುಕ್ತಗೊಳಿಸುತ್ತಾನೆ. ಇಲ್ಲಿ ಬಿಲ್ಹಣ ಸಾಕ್ಷಿಯಲ್ಲ, ವಕೀಲ. ಹಾಗಿದ್ದರೂ ಆ ಸಮರ್ಥನೆ ಅಗತ್ಯವೆಂದು ಆಸ್ಥಾನಕ್ಕೆ ತೋರಿತೆಂಬುದೇ ಚರಿತ್ರೆಗೆ ಒಂದು ಆಧಾರ.

ಇದೇ ಭಂಡಾರದೊಂದಿಗೆ ಮತ್ತೊಂದು ಕನ್ನಡದ ಸಂಬಂಧವಿದೆ. ಉದ್ಯೋತನಸೂರಿಯು ಕ್ರಿ.ಶ. 779ರಲ್ಲಿ ಮಾರವಾಡದ ಜಾಲೋರಿನಲ್ಲಿ ಪೂರ್ಣಗೊಳಿಸಿದ ಪ್ರಾಕೃತ ಚಂಪೂ ‘ಕುವಲಯಮಾಲಾ’ದಲ್ಲಿ ಸಂತೆಗೆ ನೆರೆದ ನಾನಾ ದೇಶದ ವರ್ತಕರ ವರ್ಣನೆ ಬರುತ್ತದೆ. ಒಂದೊಂದು ದೇಶದವರ ರೂಪ, ಸ್ವಭಾವ, ಮಾತಿನ ಮಾದರಿಗಳನ್ನು ಕೊಡುವ ಆ ಭಾಗದಲ್ಲಿ ಕರ್ನಾಟಕದವರೂ ಇದ್ದಾರೆ. ಅವರ ಬಾಯಲ್ಲಿಟ್ಟಿರುವ ಎರಡು ಮೂರು ಪದಗಳ ಸ್ವರೂಪವನ್ನು ಕುರಿತು ಚರ್ಚೆ ಮುಗಿದಿಲ್ಲ. ‘ಕವಿರಾಜಮಾರ್ಗ’ಕ್ಕಿಂತ ಹಿಂದಿನ ಕಾಲದಲ್ಲಿ ಉತ್ತರದ ಕಿವಿಯೊಂದಕ್ಕೆ ಕರ್ನಾಟಕದ ಮಾತು ಹೇಗೆ ಕೇಳಿಸಿತೆಂಬುದಕ್ಕೆ ಇದೊಂದು ಕುರುಹು. ಈ ಕೃತಿಯ ವಿಕ್ರಮಶಕ 1139ರ ತಾಳೆಗರಿ ಪ್ರತಿ ಜೈಸಲ್ಮೇರಿನದು. ಅದನ್ನು ಬಳಸಿ ಗ್ರಂಥವನ್ನು ಶಾಸ್ತ್ರೀಯವಾಗಿ ಸಂಪಾದಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿ, ಕೊಲ್ಹಾಪುರದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, ಅನಂತರ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಹಾಗೂ ಪ್ರಾಕೃತದ ಪ್ರಾಧ್ಯಾಪಕರಾಗಿದ್ದ ಡಾ. ಆ.ನೇ. ಉಪಾಧ್ಯೆ. ಭಂಡಾರದ ವ್ಯವಸ್ಥಿತ ಸೂಚಿಗಾಗಿ ಶ್ರಮಿಸಿದ ಚಿ.ಡಾ. ದಲಾಲ್ ಅವರನ್ನೂ, 1950ರ ಸುಮಾರಿನಲ್ಲಿ ತಿಂಗಳುಗಟ್ಟಲೆ ಅಲ್ಲಿದ್ದು ಗರಿಗಳನ್ನು ಜೋಡಿಸಿ ಹೊಸ ಸೂಚಿಯನ್ನು ಸಿದ್ಧಪಡಿಸಿದ ಮುನಿ ಪುಣ್ಯವಿಜಯಜಿ ಅವರನ್ನೂ ಸ್ಮರಿಸದೆ ಈ ಪ್ರಸಂಗ ಪೂರ್ಣವಾಗದು.

ಇಂತಹ ನಿಧಿಯನ್ನು ಹೊತ್ತಿರುವ ಗುಡ್ಡ ಈಗ ಸುಭದ್ರವಾಗಿಲ್ಲ. ತ್ರಿಕೂಟ ಗುಡ್ಡ ಅಖಂಡ ಬಂಡೆಯಲ್ಲ. ಮರಳುಗಲ್ಲು, ಜೇಡಿ, ಪದರಗಲ್ಲುಗಳು ಒಂದರ ಮೇಲೊಂದು ಕುಳಿತ ರಾಶಿ. ಒಣಗಿರುವವರೆಗೆ ಗಟ್ಟಿಯಾಗಿರುವ ಜೇಡಿಯ ಪದರ ನೀರು ತಾಗಿದೊಡನೆ ಉಬ್ಬಿ ಜಾರುತ್ತದೆ. ಗಡೀಸರಿನಿಂದ ಕೊಡಗಳಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದಲ್ಲಿ ಚೆಲ್ಲುವ ನೀರೇ ಇರಲಿಲ್ಲ; ಅಲ್ಪಸ್ವಲ್ಪ ಮಳೆನೀರನ್ನು ‘ಘುಟ್ ನಾಲಿ’ ಎಂಬ ಕಾಲುವೆಗಳು ಗೋಡೆಯಾಚೆಗೆ ಸಾಗಿಸುತ್ತಿದ್ದವು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಕೊಳಾಯಿ ಬಂದಿತು. ಆಮೇಲೆ ಪ್ರವಾಸಿಗಳು ಬಂದರು, ಮನೆಗಳು ವಸತಿಗೃಹಗಳಾದವು, ಸ್ನಾನಗೃಹಗಳು ಹೆಚ್ಚಿದವು. ನೀರಿನ ಬಳಕೆ ಹಲವು ಪಟ್ಟು ಏರಿತು. ಹೊರಹೋಗುವ ದಾರಿ ಮಾತ್ರ ಹಳೆಯದು. 1996ರಿಂದ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಈ ಕೋಟೆಯನ್ನು ತನ್ನ ಅಪಾಯದಂಚಿನ ಸ್ಮಾರಕಗಳ ಪಟ್ಟಿಯಲ್ಲಿ ಸೇರಿಸಿ ಎಚ್ಚರಿಸಿತು. ಅನಂತರದ ವರ್ಷಗಳಲ್ಲಿ ಕೆಲವು ಕೊತ್ತಳಗಳೂ ಮನೆಗಳೂ ಕುಸಿದವು. 2013ರಲ್ಲಿ ಯುನೆಸ್ಕೊ ರಾಜಸ್ಥಾನದ ಆರು ಗಿರಿದುರ್ಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಜೈಸಲ್ಮೇರ್ ಅವುಗಳಲ್ಲಿ ಒಂದಾಯಿತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ದುರಸ್ತಿ ಕಾರ್ಯಗಳು ನಡೆದಿವೆ. ಆದರೂ 2024ರ ಆಗಸ್ಟ್ ತಿಂಗಳ ಮಳೆಗೆ ಗೋಡೆಯ ಒಂದು ಭಾಗ ಮತ್ತೆ ಬಿದ್ದಿತು.

ಇದಕ್ಕೆ ಪರಿಹಾರವಾಗಿ ನಿವಾಸಿಗಳನ್ನು ಕೆಳಗೆ ಸ್ಥಳಾಂತರಿಸಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದವರನ್ನು 2011ರಲ್ಲಿ ತೆರವುಗೊಳಿಸಿದ ಸಂದರ್ಭವನ್ನು ಬಲ್ಲ ಕನ್ನಡಿಗರಿಗೆ ಈ ವಾದದ ಎರಡು ಮುಖಗಳೂ ಗೊತ್ತು. ಎರಡು ಸ್ಥಳಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು. ಜೈಸಲ್ಮೇರಿನ ಕೋಟೆಯ ಕುಟುಂಬಗಳಲ್ಲಿ ಎಷ್ಟೋ ಮಂದಿ ತಲೆಮಾರುಗಳಿಂದ ಅಲ್ಲಿಯೇ ಇದ್ದವರು. ಪಾಡಾಗಳಿಲ್ಲದ ಕೋಟೆ ಕುಲಧರಾದ ಹಾಗೆ ಇನ್ನೊಂದು ಕಥೆಯಾಗಿ ಉಳಿದೀತು. ಸಮಸ್ಯೆ ವಾಸದ್ದಲ್ಲ, ಚರಂಡಿಯದು. ಕೊಳಾಯಿಯನ್ನು ಮೇಲಕ್ಕೆ ಏರಿಸಿದವರು ಕೊಳಚೆಯನ್ನು ಕೆಳಕ್ಕೆ ಇಳಿಸುವ ದಾರಿಯನ್ನು ಯೋಚಿಸಿರಲಿಲ್ಲ. ಇಂದು ಕೋಟೆಗೆ ಹೋಗುವ ಸಂಶೋಧಕರು ತಂಗಲು ಕೆಳಗಿನ ಪಟ್ಟಣವನ್ನು ಆರಿಸಿಕೊಂಡರೆ ಗುಡ್ಡದ ಮೇಲೆ ಚೆಲ್ಲುವ ನೀರಿನಲ್ಲಿ ಅಷ್ಟು ಕಡಿಮೆಯಾಗುತ್ತದೆ. ಬಸದಿಗಳು ಸಂದರ್ಶಕರಿಗೆ ತೆರೆದಿರುವುದು ದಿನದ ಪೂರ್ವಾರ್ಧದಲ್ಲಿ. ಭಂಡಾರದ ಗರಿಗಳನ್ನು ನೋಡಲು ಇಂದಿಗೂ ಟ್ರಸ್ಟಿನ ಅನುಮತಿ ಬೇಕು.